ಗಲ್ಲಾದ ಹಸಿರು ದೀಪ

ನಮ್ಮ ಹೋಟೆಲಿನಲ್ಲಿ ಗಲ್ಲಾದ ದೀಪವನ್ನು ಯಾರೂ ಆರಿಸುವಂತಿಲ್ಲ. ಎಣ್ಣೆ ತೀರಿ ಅದಾಗಿಯೇ ಆರಿದರೆ ಬೇರೆ ಮಾತು. ಮಾಲೀಕರಾದ ಅಣ್ಣು ಶೆಟ್ಟರು ಸಾಂತಾಕ್ರೂಜಿನಲ್ಲಿ ಶಟರ್ ಎತ್ತಿದ ದಿನದಿಂದ ಇದೇ ರೂಢಿ. ಆಮೇಲೆ ಬಿಲ್ಲಿಗೆ ಕಂಪ್ಯೂಟರ್ ಬಂತು, ಅದರ ಹಸಿರು ದೀಪಕ್ಕೂ ಅದೇ ಮರ್ಯಾದೆ ಸಿಕ್ಕಿತು. ಆಫ್ ಮಾಡಬಾರದು, ಬೇಕಾದರೆ ಮಲಗಿಸಬಹುದು. ರಾತ್ರಿ ಶೆಟ್ಟರೇ ಅದನ್ನು ಸ್ಲೀಪ್‌ಗೆ ಹಾಕಿ ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಎಬ್ಬಿಸುವುದು ಕ್ಯಾಷಿಯರ್ ಆದ ನನ್ನ ಪಾಲು.

ಹೋದ ತಿಂಗಳು ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದ ಮೇಲೆ ಅದು ಏಳುವುದನ್ನೇ ಬಿಟ್ಟಿತು. ಕಾಂದಿವಲಿಯಿಂದ ಲೋಕಲ್ ರೈಲಿನಲ್ಲಿ ಹಿಂಡಿಸಿಕೊಂಡು ಬಂದು ಕೂತರೆ ದೀಪ ಉರಿಯುತ್ತಿದೆ, ಫ್ಯಾನ್ ತಿರುಗುತ್ತಿದೆ, ಸ್ಕ್ರೀನ್ ಮಾತ್ರ ಕಪ್ಪು. ಬೋಣಿಯ ಗಿರಾಕಿ ಎದುರು ನಿಂತು "ಜಲ್ದೀ ಕರೋ" ಅನ್ನುತ್ತಾನೆ. ಬಟನ್ ಒತ್ತಿ ಹಿಡಿದು ಪೂರ್ತಿ ಆರಿಸಿ ಮತ್ತೆ ಶುರು ಮಾಡುವುದು ಬಿಟ್ಟರೆ ನನಗೆ ಬೇರೆ ದಾರಿಯಿರಲಿಲ್ಲ. ದೇವರ ಪಟಕ್ಕೆ ಹೂ ಏರಿಸುತ್ತಿದ್ದ ಶೆಟ್ಟರ ಕಣ್ಣಿಗೆ ಬಿದ್ದದ್ದು ಅಷ್ಟೇ: ಬೋಣಿ ಹೊತ್ತಿಗೆ ಹರಿಣಿ ಗಲ್ಲಾ ಆರಿಸುತ್ತಾಳೆ.

"ನಿನ್ನ ಕೈಗುಣವೇ ಸರಿ ಇಲ್ಲ ಮಾರಾಯ್ತಿ," ಅಂದರು. "ಸೋಮವಾರದಿಂದ ನನ್ನ ತಂಗಿ ಮಗಳು ಲಾವಣ್ಯಾ ಇಲ್ಲಿ ಕೂತ್ಕೊಳ್ತಾಳೆ. ನೀನು ಪಾರ್ಸೆಲ್ ಕಟ್ಲಿಕ್ಕೆ ಹೋಗು."

ಈ ಕುರ್ಚಿಗಾಗಿ ವರ್ಷಗಟ್ಟಲೆ ಅಡುಗೆಮನೆಯ ಸೆಕೆಯಲ್ಲಿ ನಿಂತು ಈರುಳ್ಳಿ ಹೆಚ್ಚಿದವಳು ನಾನು. ಕುರ್ಲಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ತಿಲಕ್‌ಗೆ ಫೋನ್ ಮಾಡಿ, ದಮ್ಮಯ್ಯ ಬಾ ಅಂದೆ.

ಭಾನುವಾರ ಬಂದ. ಬಹಳ ಹೊತ್ತು ತಲೆ ಕೆಡಿಸಿಕೊಂಡು ಕೊನೆಗೆ ಶೆಟ್ಟರನ್ನು ಕರೆದ.

"ಶೆಟ್ರೇ, ಮದರ್‌ಬೋರ್ಡ್ ಹಳತು, ಸಿಸ್ಟಮ್ ಹೊಸತು. ಸಿಸ್ಟಮ್ ಮಲಗು ಅಂದ್ರೆ ಬೋರ್ಡ್ ಮಲಗ್ತದೆ. ಏಳು ಅಂದ್ರೆ ಅದಕ್ಕೆ ಅರ್ಥ ಆಗುದಿಲ್ಲ. ಈ ಬೋರ್ಡಿಗೆ ಇನ್ನು ಅಪ್‌ಡೇಟ್ ಸಹ ಬರುದಿಲ್ಲ. ರಾತ್ರಿ ಆಫ್ ಮಾಡಿ ಹೋಗಿ, ಸಾಕು. ಇವಳದ್ದೇನೂ ತಪ್ಪಿಲ್ಲ."

"ಗಲ್ಲಾ ನಾವಾಗಿ ಆರಿಸ್ಲಿಕ್ಕುಂಟಾ?"

ತಿಲಕ್ ಮತ್ತೆ ಕಂಪ್ಯೂಟರ್ ಎದುರು ಕೂತ. ಸ್ಲೀಪನ್ನೇ ತೆಗೆದುಹಾಕಿದ. ಇನ್ನು ಸ್ಕ್ರೀನ್ ಮಾತ್ರ ಕಪ್ಪಾಗುತ್ತದೆ, ಒಳಗೆ ಯಂತ್ರ ರಾತ್ರಿಯಿಡೀ ಎಚ್ಚರವಾಗಿಯೇ ಇರುತ್ತದೆ.

"ಹಾಗಾದ್ರೆ ನಾನು ಇಲ್ಲೇ ಕೂತ್ಕೊಳ್ಲಾ ಶೆಟ್ರೇ?" ಕೇಳಿದೆ.

"ಲಾವಣ್ಯಾ ಇದ್ದ ಕೆಲಸ ಬಿಟ್ಟಾಯ್ತಲ್ಲ. ಮನೆಯವರಿಗೆ ಈಗ ಬೇಡ ಅನ್ಲಿಕ್ಕೆ ಆಗ್ತದಾ?"

ಸೋಮವಾರ ಲಾವಣ್ಯಾ ಬಂದಳು. ಕುರ್ಚಿಗೆ ಕೈ ಮುಗಿದು ಕೂತು ಮೌಸ್ ಮುಟ್ಟಿದಳು. ಸ್ಕ್ರೀನ್ ತಕ್ಷಣ ಬೆಳಗಿತು, ಬೋಣಿಯ ಬಿಲ್ ಸಲೀಸಾಗಿ ಹೊರಬಂತು.

"ನೋಡಿದ್ಯಾ ಹರಿಣಿ? ಇದು ಕೈಗುಣ," ಅಂದರು ಶೆಟ್ಟರು. ತಿಲಕ್ ಹೇಳಿದ್ದೆಲ್ಲ ಒಂದೇ ರಾತ್ರಿಯಲ್ಲಿ ಮರೆತೇ ಹೋಗಿತ್ತು.

ಲಾವಣ್ಯಾ ಹಿಂದೆ ತಿರುಗಿ, "ಅಕ್ಕಾ, ಅಬ್ ಕ್ಯಾ... ಮುಂದೆ ಏನು ಮಾಡೋದು?" ಅಂದಳು. ಪಾರ್ಸೆಲ್ ದಾರ ಕೆಳಗಿಟ್ಟು ಹೋಗಿ ತೋರಿಸಿಕೊಟ್ಟೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಫೋನ್ ಮಾಡಿ ರಿಪೇರಿಯವನನ್ನು ಕರೆಸಿದವಳು ನಾನೇ. ಸುಮ್ಮನಿದ್ದಿದ್ದರೆ ಇವತ್ತು ಕಂಪ್ಯೂಟರ್ ಅವಳ ಕೈಯಲ್ಲೂ ಏಳುತ್ತಿರಲಿಲ್ಲ.