ಕಬ್ಬಿಣದ ಕೈಯವನು ಕಾದ ಹೊತ್ತು

ಕಾಲುವೆಯ ತೂಬಿನ ಚಕ್ರ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಊರಿಗೆಲ್ಲ ಅವನು ಗೇಟಿನವನು. ಆ ಕೆಲಸಕ್ಕೆ ಇರುವುದು ಒಂದೇ ಕಟ್ಟಳೆ: ಮೊದಲು ಸೈರನ್ ಕೂಗಿಸಬೇಕು, ಕಾಲು ಗಂಟೆ ಕಾಯಬೇಕು, ಆಮೇಲೆ ಚಕ್ರಕ್ಕೆ ಕೈ ಹಾಕಬೇಕು. ಬಟ್ಟೆ ಒಗೆಯುವವರು, ದನದ ಮೈ ತೊಳೆಯುವವರು ದಡ ಹತ್ತಲು ಅಷ್ಟು ಹೊತ್ತು ಬೇಕೇ ಬೇಕು.

ಅಂಥವನಿಗೆ ತಲೆ ನರೆತ ಮೇಲೆ ಸಿನಿಮಾದ ಹುಚ್ಚು ಹಿಡಿಯಿತು. ಅದೂ ಒಂದೇ ಸಿನಿಮಾ, ಅದರಲ್ಲೂ ಒಂದೇ ದೃಶ್ಯ. ಮಗಳು ಫೋನಿಗೆ ಹಾಕಿಕೊಟ್ಟಿದ್ದಳು. ಆಕಾಶದಲ್ಲಿ ಹಾರುವ ಶೂರನೊಬ್ಬ. ಅವನಿಗೆ ಎದುರಾಳಿ ಕಬ್ಬಿಣದ ಕೈಯವನು. ತನ್ನೂರನ್ನು ಮುಳುಗಿಸಿದ ಅಣೆಕಟ್ಟನ್ನು ಒಡೆದು ಕೆಳಗಿನ ಪಟ್ಟಣವನ್ನೇ ತೊಳೆದುಹಾಕಲು ಹೊರಟವನು. ಆದರೆ ಒಡೆಯುವ ಮುಂಚೆ ಅವನು ಸೈರನ್ ಕೂಗಿಸುತ್ತಾನೆ. ಕೂಗಿಸಿ, ಚಪ್ಪಲಿ ಬಿಟ್ಟು, ಕಟ್ಟೆಯ ಮೇಲೆ ಕೂತು ಕಾಯುತ್ತಾನೆ. ಕೆಳಗೆ ಜನ ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತುತ್ತಾರೆ. ಕಡೆಯ ಮುದುಕಿಯೊಬ್ಬಳು ಹತ್ತಿ ಮುಗಿಸುವವರೆಗೂ ಅವನು ಏಳುವುದಿಲ್ಲ. ಅಷ್ಟರಲ್ಲಿ ಶೂರ ಹಾರಿ ಬರುತ್ತಾನೆ, ಇವನು ಸೋಲುತ್ತಾನೆ. ಇಂಥ ಪೆದ್ದ ವಿಲನ್ನನ್ನು ಎಲ್ಲೂ ಕಂಡಿಲ್ಲವೆಂದು ಮಗಳು ಬಿದ್ದುಬಿದ್ದು ನಕ್ಕಿದ್ದಳು. ಗೇಟಿನವನು ನಕ್ಕಿರಲಿಲ್ಲ.

ಅವನ ಅಕ್ಕ ಅವನೊಡನೆ ಮಾತು ಬಿಟ್ಟು ಎಂಟು ವರ್ಷ. ಮೈ ತೊಳೆಯಲೆಂದು ಕಾಲುವೆಯೊಳಗೆ ಕಟ್ಟಿದ್ದ ಅವಳ ತುಂಬುಗಬ್ಬದ ಎಮ್ಮೆ ಕೊಚ್ಚಿಹೋದಂದಿನಿಂದ. ಸೈರನ್ ಕೂಗಿದ್ದನ್ನು ಊರೇ ಕೇಳಿತ್ತು. ಕಾಲು ಗಂಟೆ ಕಾದೆ ಎಂದು ಅವನೂ ವಿಚಾರಣೆಯಲ್ಲಿ ಹೇಳಿದ್ದ. ಹಾಗಾಗಿ ತಪ್ಪೆಲ್ಲ ಅಕ್ಕನ ತಲೆಗೆ ಬಂತು. ಹಗ್ಗ ಬಿಚ್ಚಲು ಕಾಲು ಗಂಟೆ ಸಾಲದ ಹೆಂಗಸು ಎಂದು ಹಾಲಿನ ಡೈರಿಯ ಸಾಲಿನಲ್ಲಿ ಇವತ್ತಿಗೂ ಆಡಿಕೊಳ್ಳುತ್ತಿದ್ದರು. ಗದ್ದೆಗೆ ನೀರಿನ ಸರದಿ ಕೇಳಲು ಬಂದಾಗಲೂ ಅವಳು ತಮ್ಮನ ಮುಖ ನೋಡದೆ ತೂಬಿನ ಕೋಣೆಯ ಬಾಗಿಲ ಚೌಕಟ್ಟಿಗೆ ಹೇಳಿ ಹೋಗುತ್ತಿದ್ದಳು. ಚೌಕಟ್ಟು ಒಮ್ಮೆಯೂ ಸರದಿ ತಪ್ಪಿಸಿರಲಿಲ್ಲ.

ಒಂದು ದಿನ ಮಧ್ಯಾಹ್ನ ಅವನು ಆ ಕೋಣೆಯಲ್ಲಿ ಕೂತು ಫೋನಿಗೆ ಮಗಳ ಸ್ಪೀಕರ್ ಸಿಕ್ಕಿಸಿ ಅದೇ ದೃಶ್ಯ ಹಾಕಿದ. ಸೈರನ್ ಬಯಲಿಗೆಲ್ಲ ಕೇಳುವಂತೆ ಮೊಳಗಿತು. ಸರದಿ ಕೇಳಲು ಬರುತ್ತ ಕಾಲುವೆ ದಾಟುತ್ತಿದ್ದ ಅಕ್ಕ ಚಪ್ಪಲಿ ಅಲ್ಲೇ ಬಿಟ್ಟು, ಮೊಣಕೈ ತರಚಿಕೊಂಡು ದಡ ಹತ್ತಿ ಓಡಿಬಂದಳು. ಚಕ್ರ ನಿಂತಲ್ಲೇ ನಿಂತಿತ್ತು. ಫೋನು ಕೂಗುತ್ತಿತ್ತು.

"ಜೀವ ಹೋಗಿತ್ತಲ್ಲೋ, ಕತ್ತೆ ವಯಸ್ಸಾಯ್ತು, ಇದೇನು ಆಟ ನಿಂದು?"

ಎಂಟು ವರ್ಷಕ್ಕೆ ಮೊದಲ ಮಾತು. ಅವನು ನೀರಿನ ಚೊಂಬು ಕೊಟ್ಟ. ಅವಳು ಏದುಸಿರು ಬಿಡುತ್ತಲೇ ಫೋನಿನಲ್ಲಿ ಬರಿಗಾಲಲ್ಲಿ ಕೂತವನನ್ನು ನೋಡಿ, ಅವನು ಯಾರು, ಸುಮ್ಮನೆ ಯಾಕೆ ಕೂತಿದ್ದಾನೆ ಎಂದು ಕೇಳಿದಳು.

"ಕೆಟ್ಟವನು. ಕಾಯ್ತಿದಾನೆ," ಎಂದ ತಮ್ಮ. "ನಾನು ಕಾದಿರ್ಲಿಲ್ಲ ಅಕ್ಕ. ಬೇಗ ಬಿಡು ಅಂತ ಮೇಲಿನೋರು ಫೋನ್ ಮಾಡಿದ್ರು. ಐದು ನಿಮಿಷಕ್ಕೇ ಬಿಟ್ಬಿಟ್ಟೆ."

ಅಕ್ಕ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ನೋಡಿದಳು.

"ನನ್ನ ಕೈನೇ ಮಂದ ಅಂದ್ಕೊಂಡಿದ್ದೆ ಕಣೋ. ಇಷ್ಟು ವರ್ಷ ಈ ಕೈನೇ ಬೈಕೊಂಡು ಬಂದೆ."

ಫೋನಿನಲ್ಲಿ ಮುದುಕಿ ಗುಡ್ಡ ಹತ್ತಿ ಮುಗಿಸಿದಳು. ಶೂರ ಬಂದ, ಹೊಡೆದ. ಕಬ್ಬಿಣದ ಕೈಯವನು ಬಿದ್ದಾಗ ಅಕ್ಕ, ಪಾಪ, ಹೊಟ್ಟೆಗೇನಾದರೂ ತಿಂದಿದ್ದನೋ ಇಲ್ಲವೋ ಎಂದಳು. ಎದ್ದು ಹೊರಡುತ್ತ, ಚೌಕಟ್ಟಿಗಲ್ಲ, ಅವನಿಗೇ ಹೇಳಿದಳು:

"ಬೆಳಿಗ್ಗೆ ಡೈರಿ ಹತ್ರ ಎಲ್ಲಾರೂ ಇರ್ತಾರೆ. ಅಲ್ಲಿ ಹೇಳು."

ಮರುದಿನ ಹಾಲಿನ ಸಾಲಿನಲ್ಲಿ, ಅಕ್ಕನ ಮುಂದೆ, ಗೇಟಿನವನು ಕ್ಯಾನಿಲ್ಲದೆ ನಿಂತಿದ್ದ. ಒಬ್ಬೊಬ್ಬರದೇ ಅಳತೆಯಾಗಿ ಸರದಿ ಅವನವರೆಗೆ ಬಂತು. ಅಳೆಯುವವನು ತಲೆ ಎತ್ತಿ, ಕೊಟ್ಟಿಗೆಯೇ ಇಲ್ಲದವನಿಗೆ ಇಲ್ಲೇನು ಕೆಲಸವೆಂದು ನಕ್ಕ. ಹಿಂದಿನವರೂ ನಕ್ಕರು. ನಗು ನಿಲ್ಲುವವರೆಗೆ ಅವನು ಕಾದ. ಆಮೇಲೆ ಸಾಲಿನ ಕಡೆ ತಿರುಗಿದ.