ಗೌರಕ್ಕನ ಕೈ, ಭಾಮಾಬಾಯಿಯ ಬೆನ್ನು

ಮೇ ತಿಂಗಳ ಬಿಸಿಲಿಗೆ ಪುಣೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುವ ದಿನಗಳಲ್ಲಿಯೂ, ಡೆಕ್ಕನ್ನಿನ ನಿಲ್ದಾಣದಲ್ಲಿ ಬಸ್ಸಿಳಿದು, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಮಡಚಿದ ಕೊಡೆ ಹಿಡಿದು, ಹಿಂದಿನಿಂದ ಯಾರೋ ಮೆಲ್ಲಗೆ ನೂಕುತ್ತಿದ್ದಾರೆಂಬಂತೆ ತುಸು ಮುಂದಕ್ಕೆ ಬಾಗಿ ನಡೆದು ಬರುವ ಭಾಮಾಬಾಯಿಯವರ ಮೈಮೇಲೆ ಕೈಹೆಣಿಕೆಯ ಸ್ವೆಟರ್ ಇದ್ದೇ ಇರುತ್ತಿತ್ತು. ದಾರಿಹೋಕರು ತಿರುಗಿ ನೋಡುತ್ತಿದ್ದರು. ಕಬ್ಬಿನ ಹಾಲಿನ ಗಾಡಿಯವನಂತೂ ಅವರನ್ನು ಕಂಡೊಡನೆ ತನ್ನ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ಬಸ್ಸಿನಲ್ಲಿ ಪಕ್ಕ ಕೂತವರು ತಡೆಯಲಾರದೆ ಕೇಳಿದರೆ ಭಾಮಾಬಾಯಿಯವರ ಉತ್ತರ ಸಿದ್ಧವಾಗಿರುತ್ತಿತ್ತು: “ಹಂಗಲ್ಲರಿ, ನಮ್ಮ ಆಫೀಸ ಅಂದ್ರ ಲೋಣಾವಳಾ ಇದ್ದಂಗ. ಮಳಿ ಒಂದ ಬರೂದಿಲ್ಲ ನೋಡ್ರಿ.”

‘ಹಂಗಲ್ಲರಿ’ ಎಂಬುದು ಅವರ ಮಾತಿನ ಹೊಸ್ತಿಲು. ಹೌದು ಎನ್ನಬೇಕಾದಲ್ಲಿಯೂ ಅದನ್ನು ದಾಟಿಯೇ ಒಳಗೆ ಬರುತ್ತಿದ್ದರು. ಲೋಣಾವಳೆಯೆಂಬ ಆ ತಂಪು ಗಿರಿಧಾಮದ ಮಾತು ಸುಳ್ಳಲ್ಲ. ನಮ್ಮ ವಿಮಾ ಕಚೇರಿಯ ಎಸಿ ಎಂಬ ಯಂತ್ರಕ್ಕೆ ಹದವೆಂಬುದೇ ತಿಳಿಯದು, ನಾನು ಕಿವಿಗೆ ಹತ್ತಿ ಇಟ್ಟುಕೊಂಡೇ ಅಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಆದರೆ ಅವರ ಸ್ವೆಟರಿಗೆ ಚಳಿಯೊಂದೇ ಕಾರಣವಾಗಿದ್ದರೆ ನಾನು ಈ ನಾಲ್ಕು ಮಾತು ಬರೆಯಲು ಕೂರುತ್ತಿರಲಿಲ್ಲ. ಚಳಿಗೆ ಶಾಲು ಸಾಕು.

ಅವರು ಧಾರವಾಡದ ಮಾಳಮಡ್ಡಿಯವರು, ನಾನು ಬೆಳಗಾವಿಯ ಕಡೆಯವನು. ಇಡೀ ಕಚೇರಿ ಮರಾಠಿಯಲ್ಲಿ ಗದ್ದಲವೆಬ್ಬಿಸುತ್ತಿರುವಾಗ ಎದುರುಬದುರು ಮೇಜಿನ ನಾವಿಬ್ಬರು ಮಾತ್ರ ಕನ್ನಡದಲ್ಲಿ ಪಿಸುಗುಟ್ಟುವುದರಿಂದ, ಅವರ ಉಡುಗೆಯ ಶಾಸ್ತ್ರವನ್ನು ಹತ್ತಿರದಿಂದ ಅಭ್ಯಾಸ ಮಾಡುವ ಅವಕಾಶ ನನಗೆ ದೊರೆಯಿತು. ನನ್ನ ಸ್ವಂತ ಉಡುಗೆಯ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅವರದು ಮಾತ್ರ ನಿತ್ಯವೂ ಒಂದು ರಚನೆ. ದಪ್ಪ ಅಂಚಿನ ಇಳಕಲ್ ಸೀರೆ ಉಟ್ಟ ದಿನ ಬೂದಿ ಬಣ್ಣದ ತೆಳ್ಳನೆಯ ಕಾರ್ಡಿಗನ್, ಸೆರಗು ಅದರ ಮೇಲೆ ಬಾರದೆ ಒಳಗಿನಿಂದ ಹಾದು ಅಂಚನ್ನಷ್ಟೇ ಹೊರಗೆ ತೋರಬೇಕು. ಸಾದಾ ನೂಲಿನ ಕುರ್ತಾ ಹಾಕಿದ ದಿನ ದಾಳಿಂಬೆ ಬಣ್ಣದ ಗಿಡ್ಡ ಸ್ವೆಟರ್, ನಡುವಿನದೊಂದೇ ಗುಂಡಿ ಹಾಕಿ ಉಳಿದವನ್ನು ಬಿಟ್ಟದ್ದು. ಮುಖ್ಯ ಕಚೇರಿಯವರು ತಪಾಸಣೆಗೆ ಬರುವ ದಿನ ಬಿಳಿ ಶರ್ಟು, ಕಪ್ಪು ಪ್ಯಾಂಟು, ಮೇಲೆ ತೋಳಿಲ್ಲದ ಕಾಫಿ ಬಣ್ಣದ್ದು. ನಾನೊಮ್ಮೆ ಇದಕ್ಕೆಲ್ಲ ನಿಯಮವೇನಾದರೂ ಉಂಟೇ ಎಂದು ಕೆಣಕಿದಾಗ ಅವರು ನಗದೆ ಹೇಳಿದರು: “ಸೀರಿ ಮಾತಾಡಿದ್ರ ಸ್ವೆಟರ್ ಸುಮ್ಮನಿರಬೇಕು, ಸ್ವೆಟರ್ ಮಾತಾಡಿದ್ರ ಸೀರಿ ಸುಮ್ಮನಿರಬೇಕು. ಇಬ್ರೂ ಮಾತಾಡಿದ್ರ ಸಂತಿ ಆಗತದರಿ.” ನಮ್ಮ ಎಷ್ಟೋ ಸಭೆಗಳಿಗೆ ಈ ನಿಯಮ ಅನ್ವಯಿಸಬಾರದೇ ಎಂದು ನನಗೆ ಅನೇಕ ಸಲ ಅನಿಸಿದೆ.

ಈ ಸ್ವೆಟರುಗಳನ್ನೆಲ್ಲ ಹೆಣೆದವರು ಅವರ ಅಕ್ಕ ಗೌರಾಬಾಯಿ. ತಾಯಿ ತೀರಿಕೊಂಡಾಗ ಭಾಮಾಬಾಯಿಗೆ ಇನ್ನೂ ಹಾಲುಹಲ್ಲು. ಆಗಿನಿಂದ ಅಕ್ಕನೇ ತಾಯಿ. ಗಂಡ ತೀರಿಕೊಂಡ ಮೇಲೆ ಗೌರಕ್ಕ ತಂಗಿಯನ್ನು ಕಟ್ಟಿಕೊಂಡು ಪುಣೆಗೆ ಬಂದು, ಕರ್ವೆನಗರದ ಎರಡು ಕೋಣೆಯ ಮನೆಯಲ್ಲಿ ಊರವರ ಮಕ್ಕಳಿಗೆ ಉಣ್ಣೆಯ ಟೊಪ್ಪಿಗೆ ಹೆಣೆದು ಕೊಟ್ಟು ಇವರನ್ನು ಓದಿಸಿದರು. ತಂಗಿಗೆ ನೌಕರಿ ಸಿಕ್ಕ ದಿನ, ಇನ್ನು ಮೇಲೆ ಪರರಿಗೆ ಹೆಣೆಯುವುದಿಲ್ಲ, ಇವಳೊಬ್ಬಳಿಗೇ ಹೆಣೆಯುತ್ತೇನೆ ಎಂದರಂತೆ. ಅಂದಂತೆಯೇ ನಡೆದರು. ಭಾಮಾಬಾಯಿಗೂ ಹೆಣಿಕೆ ಬರುತ್ತಿತ್ತು, ಅಕ್ಕನೇ ಕಲಿಸಿದ್ದರು. ಆದರೆ ಆ ಮನೆಯಲ್ಲಿ ಅವರು ಕಡ್ಡಿ ಮುಟ್ಟುತ್ತಿರಲಿಲ್ಲ. ಒಂದು ಮನೆಯ ಉಣ್ಣೆಗೆ ಎರಡು ಕೈ ಬೇಡ ಎಂಬುದು ಗೌರಕ್ಕನ ಕಟ್ಟಳೆ.

ಇನ್ನೊಂದು ಕಟ್ಟಳೆಯೂ ಇತ್ತು. ಸಂಜೆ ಮನೆಗೆ ಬಂದೊಡನೆ ಭಾಮಾಬಾಯಿ ಕೈಕಾಲು ತೊಳೆಯುವುದಕ್ಕೂ ಮೊದಲು ಅಕ್ಕನ ಕುರ್ಚಿಯ ಮುಂದೆ ಬೆನ್ನು ಕೊಟ್ಟು ನಿಲ್ಲಬೇಕು, ಗೌರಕ್ಕ ಕುತ್ತಿಗೆಯಿಂದ ಅಂಚಿನ ತನಕ ಅಂಗೈ ಆಡಿಸಿ, ಇವತ್ತು ಎಲ್ಲಿ ಜಗ್ಗಿತು, ಎಲ್ಲಿ ಸವೆಯಿತು ಎಂದು ನೋಡಿ, ಆಮೇಲೆ ಕೇಳಬೇಕು: “ಯಾರ ಏನಂದ್ರು?” ಯಾರೂ ಏನೂ ಅನ್ನದಿದ್ದರೆ ಭಾಮಾಬಾಯಿ ‘ಯಾರೂ ಏನೂ ಅನಲಿಲ್ಲ’ ಎಂದೇ ಹೇಳುತ್ತಿದ್ದರು. ಸ್ವೆಟರಿನ ವಿಷಯದಲ್ಲಿ ಅಕ್ಕನಿಗೆ ಅವರು ಎಂದೂ ಸುಳ್ಳು ಹೇಳಿದವರಲ್ಲ. ಗೌರಕ್ಕ ಮನೆ ಬಿಟ್ಟು ಹೊರಗೆ ಹೋಗುವುದು ಅಪರೂಪವಾಗಿತ್ತು. ಅವರು ನಿತ್ಯ ಹೊರಗೆ ಹೋಗುತ್ತಿದ್ದದ್ದು ತಂಗಿಯ ಮೈಮೇಲೆ.

ಸಕ್ಕರೆ ಕಾಯಿಲೆ ಗೌರಕ್ಕನ ಕಣ್ಣಿಗೆ ಇಳಿದದ್ದು ಕೆಲವು ವರ್ಷಗಳ ಹಿಂದೆ. ಮೊದಲು ಸೂಜಿಯ ಕಣ್ಣು ಕಾಣದಾಯಿತು, ಬಳಿಕ ಬಣ್ಣಗಳು ಒಂದರೊಳಗೊಂದು ಬೆರೆತವು, ಕೊನೆಗೆ ಕಿಟಕಿ ಇರುವ ಕಡೆ ಬೆಳಕು, ಇಲ್ಲದ ಕಡೆ ಕತ್ತಲೆ ಎಂಬಷ್ಟೇ ಉಳಿಯಿತು. ಹೆಣಿಕೆ ಮಾತ್ರ ನಿಲ್ಲಲಿಲ್ಲ. ತುಳಶೀಬಾಗದ ಪೇಟೆಯಿಂದ ತಂಗಿ ತಂದ ಉಣ್ಣೆಯನ್ನು ಬೆರಳಲ್ಲೇ ಓದಿಕೊಂಡು ಅವರು ಹೆಣೆಯುತ್ತ ಹೋದರು. ಕುಣಿಕೆಗಳು ಜಾರತೊಡಗಿದವು, ಸಾಲುಗಳು ಓಡಿ ಹೋದವು, ಒಂದು ತೋಳು ಇನ್ನೊಂದಕ್ಕಿಂತ ಉದ್ದವಾಯಿತು.

ಭಾಮಾಬಾಯಿಯ ನಿಜವಾದ ಕಲೆ ಶುರುವಾದದ್ದು ಇಲ್ಲಿಂದ. ಉದ್ದವಾದ ತೋಳನ್ನು ಮಣಿಕಟ್ಟಿನ ಮೇಲಕ್ಕೆ ಮಡಚಿ ಕೈಗಡಿಯಾರ ಕಾಣುವಂತೆ ಬಿಟ್ಟರು, ಸಮವಾಗಿರಲೆಂದು ಮತ್ತೊಂದನ್ನೂ ಮಡಚಿದರು. ಗುಂಡಿಗೂ ಅದರ ಕಿಂಡಿಗೂ ಹೊಂದಾಣಿಕೆ ತಪ್ಪಿದಾಗ ಎರಡು ಅಂಚುಗಳನ್ನು ಓರೆಯಾಗಿ ಎಳೆದು ಬೆಳ್ಳಿಯ ಪಿನ್ನು ಚುಚ್ಚಿದರು. ಕೆಳಗಿನ ಅಂಚು ಹಾವಿನಂತೆ ಹರಿದಾಗ ಉದ್ದ ಓಢಣಿ ಬಂತು, ಜಾರಿದ ಕುಣಿಕೆಯ ತೂತಿನ ಕೆಳಗೆ ಅದೇ ಬಣ್ಣದ ಕುಪ್ಪಸ ಬಂತು. ಯಾವ ತಪ್ಪನ್ನೂ ಅವರು ತಿದ್ದಲಿಲ್ಲ, ಅದಕ್ಕೊಂದು ಜಾಗ ಮಾಡಿಕೊಟ್ಟರು. ಪಕ್ಕದ ಮೇಜಿನ ಶರ್ವರಿ, ಕಾಲೇಜು ಮುಗಿಸಿ ಬಂದ ಚುರುಕಿನ ಹುಡುಗಿ, ಆ ಮಡಚಿದ ತೋಳನ್ನು ಹೊಸ ಫ್ಯಾಷನ್ ಎಂದು ತಿಳಿದು ತಾನೂ ಹಾಗೆಯೇ ಮಡಚಿಕೊಂಡು ಬಂದಳು. ವಾರ ಕಳೆಯುವುದರೊಳಗೆ ಅರ್ಧ ಕಚೇರಿ ತೋಳು ಮಡಚಿತ್ತು. ಆ ಸಂಜೆ ಗೌರಕ್ಕನಿಗೆ ಹೇಳಲು ಭಾಮಾಬಾಯಿಯ ಬಳಿ ಭರ್ಜರಿ ಸುದ್ದಿಯಿತ್ತು, ಅದೂ ಅಪ್ಪಟ ನಿಜ.

ನಾನು ಆಗಾಗ ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಗೌರಕ್ಕನಿಗೆ ಹೊರಗಿನವರ ಕನ್ನಡ ಕೇಳುವ ಆಸೆ, ನನಗೆ ಅವರ ಮನೆಯ ಅವಲಕ್ಕಿಯ ಆಸೆ. ಕಡ್ಡಿಗಳ ಟಿಕಟಿಕ ನಿಲ್ಲಿಸದೆಯೇ ಅವರು ನನ್ನನ್ನು ವಿಚಾರಿಸುತ್ತಿದ್ದರು: “ಭಾಮಿ ಆಫೀಸಿನ್ಯಾಗ ಛಲೋ ಕಾಣಸ್ತಾಳೇನ್ರಿ?” ಛಲೋ ಕಾಣಿಸುತ್ತಾರೆ ಎನ್ನುತ್ತಿದ್ದೆ. ಅವರ ಮುಖ ಆಗ ಅರಳುತ್ತಿತ್ತು.

ಹೋದ ಚಳಿಗಾಲದಲ್ಲಿ ತಳೇಗಾಂವದ ಕಾರ್ಖಾನೆಯೊಂದು ತನ್ನ ಕೆಲಸಗಾರರಿಗೆಲ್ಲ ವಿಮೆ ಮಾಡಿಸಲು ಮುಂದೆ ಬಂತು. ಅಲ್ಲಿಯ ಅಧಿಕಾರಿಗಳ ಮುಂದೆ ನಿಂತು ಯೋಜನೆಯನ್ನು ವಿವರಿಸುವ ಕೆಲಸ, ಎಂದೂ ಮೇಜು ಬಿಟ್ಟೇಳದ ಭಾಮಾಬಾಯಿಗೆ ಬಿತ್ತು. ಅಂಥದೊಂದು ದಿನಕ್ಕಾಗಿ ಅವರು ಬಹಳ ಕಾದಿದ್ದರು. ಮನೆಯಲ್ಲಿ ಗೌರಕ್ಕ ಅದಕ್ಕಿಂತ ಹೆಚ್ಚು ಸಂಭ್ರಮಪಟ್ಟು, ಆ ದಿನಕ್ಕೆಂದೇ ಕಡುನೀಲಿಯ ಕಾರ್ಡಿಗನ್ ಹೆಣೆಯಲು ಕೂತರು. ಬೆನ್ನ ನಡುವೆ ಕುತ್ತಿಗೆಯ ತನಕ ಏರುವ ಜಡೆ ನಮೂನೆ, ಕಣ್ಣಿದ್ದವರಿಗೂ ಕಷ್ಟದ್ದು. ಜಡೆ ಸೊಂಟದಿಂದ ನೆಟ್ಟಗೆ ಹೊರಟು, ಹೆಗಲೆಲುಬುಗಳ ನಡುವೆ ತಿರುವು ತಪ್ಪಿ, ಪಕ್ಕಕ್ಕೆ ಹೊರಳಿ ಗಂಟುಗಂಟಾಯಿತು.

ಭಾಮಾಬಾಯಿ ಅದನ್ನು ಮೊದಲೊಮ್ಮೆ ಕಚೇರಿಗೆ ಹಾಕಿಕೊಂಡು ಬಂದರು. ಮುಂದಿನದನ್ನು ಪಿನ್ನು ನೋಡಿಕೊಂಡಿತು, ತೋಳನ್ನು ಮಡಿಕೆ ನೋಡಿಕೊಂಡಿತು. ಬೆನ್ನನ್ನು ಏನು ಮಾಡುವುದು? ತಳೇಗಾಂವದಲ್ಲಿ ಗೋಡೆಯ ಪರದೆಗೆ ಮುಖ ಮಾಡಿ ಬೆರಳಿಟ್ಟು ತೋರಿಸುತ್ತ ನಿಲ್ಲಬೇಕು. ಹಿಂದೆ ಕೂತವರಿಗೆ ಕಾಣುವುದು ಬೆನ್ನೊಂದೇ. ಶರ್ವರಿ ಕೇಡಿನ ಮನಸ್ಸಿಲ್ಲದೆ ಮರಾಠಿಯಲ್ಲಿ, ‘ಅಕ್ಕಾ, ಹಿಂದುಗಡೆ ಏನೋ ಸಿಕ್ಕಾದ ಹಾಗೆ ಕಾಣುತ್ತದೆ’ ಎಂದಳು. ಭಾಮಾಬಾಯಿ ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ.

“ದಾರಿಯೊಳಗ ತಗದಿಡ್ರಿ, ಅಕ್ಕಾರಿಗೇನು ಗೊತ್ತಾಗತದ?” ಎಂದೆ ನಾನು.

“ಹಂಗಲ್ಲರಿ. ಸಂಜೀಕ ಯಾರ ಏನಂದ್ರು ಅಂತ ಕೇಳ್ತಾಳ. ತಗದಿಟ್ಟು ಏನ ಹೇಳ್ಲಿ?”

ಸುಳ್ಳು ಹೇಳಬಾರದೆಂಬ ಆ ಹಟವೇ ಅವರನ್ನು ಇನ್ನೊಂದು ದಾರಿಗೆ ತಳ್ಳಿತು. ಭಾನುವಾರ ಗೌರಕ್ಕ ಊಟ ಮಾಡಿ ಮಲಗಿದ್ದಾಗ ಅವರು ಹೆಗಲ ಹೊಲಿಗೆಯನ್ನು ಬಿಡಿಸಿ, ಬೆನ್ನಿನ ಮೇಲ್ಭಾಗವನ್ನು ಜಡೆ ದಾರಿ ತಪ್ಪಿದ ಜಾಗದವರೆಗೆ ಬಿಚ್ಚಿ, ಅದೇ ಉಣ್ಣೆಯಿಂದ ಅದೇ ನಮೂನೆಯನ್ನು ನೆಟ್ಟಗೆ ಹೆಣೆದು ಮತ್ತೆ ಹೊಲಿದರು. ಒಂದು ಗೇಣಿನಷ್ಟು ಕೆಲಸ. ಅಕ್ಕನ ಕಣ್ಣಿಗೆ ಹೇಗೂ ಕಾಣದು. ಅಕ್ಕನ ಸ್ವೆಟರು ಇನ್ನಷ್ಟು ಚೆನ್ನಾಗಿ ಕಂಡರೆ ಅದು ಅಕ್ಕನ ಮರ್ಯಾದೆಯೇ ಅಲ್ಲವೇ ಎಂದು ಅವರು ತಮಗೆ ತಾವೇ ಹೇಳಿಕೊಂಡಿರಬೇಕು. ಯಾರಾದರೂ ಹಾಗೆಯೇ ಹೇಳಿಕೊಳ್ಳುತ್ತಿದ್ದರು.

ತಳೇಗಾಂವಕ್ಕೆ ನಾನೂ ಜೊತೆಗೆ ಹೋಗಿದ್ದೆ. ಭಾಮಾಬಾಯಿ ಸೊಗಸಾಗಿ ಮಾತಾಡಿದರು. ಕಾರ್ಖಾನೆಯ ಅಧಿಕಾರಿಗಳು ಪರದೆ ನೋಡಿದರು, ಮೊಬೈಲ್ ನೋಡಿದರು, ಬಿಸ್ಕೀಟಿನ ತಟ್ಟೆ ನೋಡಿದರು. ಭಾಮಾಬಾಯಿಯ ಬೆನ್ನನ್ನು ನೋಡಿದವನು ಆ ಕೋಣೆಯಲ್ಲಿ ನಾನೊಬ್ಬನೇ. ಜಡೆ ನೆಟ್ಟಗಿತ್ತು.

ಸಂಜೆ ನಡೆದದ್ದನ್ನು ಅವರು ಮರುದಿನ ಕಚೇರಿಯ ಕ್ಯಾಂಟೀನಿನಲ್ಲಿ, ಚಹಾ ತಣ್ಣಗಾಗಿ ಕೆನೆಗಟ್ಟುವ ತನಕ ಕೂತು ಹೇಳಿದರು. ಎಂದಿನಂತೆ ಬೆನ್ನು ಕೊಟ್ಟು ನಿಂತರಂತೆ. ಅಂಗೈ ಕುತ್ತಿಗೆಯಿಂದ ಇಳಿಯತೊಡಗಿ, ಒಂದು ಗೇಣು ಇಳಿಯುವುದರೊಳಗೆ ನಿಂತುಬಿಟ್ಟಿತಂತೆ. ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಇಳಿಯಿತು.

“ಇದು ನನ್ನ ಕೈ ಅಲ್ಲ” ಎಂದರು ಗೌರಕ್ಕ. ಭಾಮಾಬಾಯಿ ಬಾಯಿ ತೆರೆಯುವುದರೊಳಗೆ ಅವರೇ ಮುಂದುವರಿಸಿದರು: “ನಾ ತಪ್ಪಿದ್ದು ನನಗ ಗೊತ್ತಿರಲಿಲ್ಲಂತ ತಿಳದಿಯೇನ? ಎಲ್ಲೆಲ್ಲಿ ಕುಣಿಕಿ ಬಿಟ್ಟೇನಿ, ಎಲ್ಲಾ ಬೆರಳಿಗೆ ಗೊತ್ತದ. ಆದರೂ ನೀ ಹಾಕ್ಕೊಂಡು ಹೋಗ್ತಿದ್ದೆಲ್ಲಾ ಭಾಮಿ, ಅದಕ್ಕಽ ಹೆಣಕೋತ ಬಂದೆ.”

ಬೈಗುಳವಿಲ್ಲ, ಅಳುವಿಲ್ಲ. ಕಡ್ಡಿಗಳನ್ನು ಉಣ್ಣೆಯ ಉಂಡೆಗೆ ಚುಚ್ಚಿ ಬುಟ್ಟಿಯಲ್ಲಿಟ್ಟರು. ಮರುದಿನ ತೆಗೆಯಲಿಲ್ಲ, ಅದರ ಮರುದಿನವೂ ತೆಗೆಯಲಿಲ್ಲ. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಸಂಜೆ ತಂಗಿ ಬೆನ್ನು ಕೊಟ್ಟು ನಿಂತರೆ ‘ದಣದಿರತೀ, ಹೋಗು, ಚಹಾ ಮಾಡ್ಕೋ’ ಎನ್ನುವರಂತೆ. ಭಾಮಾಬಾಯಿ ತಪ್ಪಾಯಿತೆಂದು ಕಾಲು ಹಿಡಿದರೂ ಗೌರಕ್ಕ ಶಾಂತವಾಗಿಯೇ, ‘ನಿಂದೇನೂ ತಪ್ಪಿಲ್ಲವ್ವಾ’ ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದರು ಭಾಮಾಬಾಯಿ ನನ್ನ ಬಳಿ.

ಆಮೇಲೆ ಅವರು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಅವರ ಮೇಲೆ ಸಿಟ್ಟು ಬರುತ್ತದೆ, ಮರುಗಳಿಗೆಯಲ್ಲಿ ಕನಿಕರ ಬರುತ್ತದೆ. ಆ ನೀಲಿ ಕಾರ್ಡಿಗನ್ನಿನ ಬೆನ್ನನ್ನು ಮತ್ತೆ ಬಿಚ್ಚಿ, ಅಕ್ಕನ ತಪ್ಪನ್ನು ನೆನಪಿನಿಂದ ಹುಡುಕಿ ತೆಗೆದು, ಎಲ್ಲಿ ತಿರುವು ತಪ್ಪಿತ್ತೋ ಅಲ್ಲಿಯೇ ತಪ್ಪಿಸಿ, ಎಲ್ಲಿ ಗಂಟಾಗಿತ್ತೋ ಅಲ್ಲಿಯೇ ಗಂಟು ಹಾಕಿ, ಮೊದಲಿದ್ದಂತೆಯೇ ಕೆಡಿಸಿ ಹೆಣೆದರು. ನೆಟ್ಟಗೆ ಹೆಣೆಯಲು ಒಂದು ಮಧ್ಯಾಹ್ನ ಸಾಕಾಗಿದ್ದವರಿಗೆ ಸೊಟ್ಟಗೆ ಹೆಣೆಯಲು ಒಂದು ತಿಂಗಳು ಹಿಡಿಯಿತು. ಅದು ಮುಗಿದ ಭಾನುವಾರ ನಾನು ಅಲ್ಲಿಯೇ ಇದ್ದೆ. ಭಾಮಾಬಾಯಿ ಅದನ್ನು ಹಾಕಿಕೊಂಡು, ಅಕ್ಕನ ಕೈಯನ್ನು ಎತ್ತಿ ತಮ್ಮ ಬೆನ್ನಿನ ಮೇಲೆ ಇಟ್ಟುಕೊಂಡರು.

ಗೌರಕ್ಕನ ಬೆರಳು ಜಡೆಯ ಮೇಲೆ ಮೆಲ್ಲಗೆ ನಡೆದವು. ಗಂಟಿನ ಹತ್ತಿರ ಬಂದು ಅದರ ಸುತ್ತ ಹೊರಳಿದವು. ಅವರ ತುಟಿಯ ಮೇಲೆ ನಗುವಿನಂಥದೇನೋ ಮೂಡಿತು. ನನಗೂ ಒಂದು ಕ್ಷಣ ಆಸೆಯಾಯಿತು.

“ಇದೂ ನಿನ್ನ ಕೈನಽ ಅದ” ಎಂದರು. “ನನ್ನ ತಪ್ಪು ನಿನಗ ಬರೂದಿಲ್ಲ, ಭಾಮಿ.”

ಕೈ ಹಿಂದಕ್ಕೆ ಬಂದು ಮಡಿಲಲ್ಲಿ ಬಿತ್ತು. ಭಾಮಾಬಾಯಿ ತಿರುಗಲಿಲ್ಲ; ಹಾಗೆಯೇ, ನಮ್ಮಿಬ್ಬರಿಗೂ ಬೆನ್ನು ಕೊಟ್ಟು, ಬಹಳ ಹೊತ್ತು ನಿಂತಿದ್ದರು.

ಪ್ರೀತಿಸುವವರ ಕುಂದನ್ನು ಒಡವೆಯಂತೆ ತೊಟ್ಟು ಊರ ನಡುವೆ ನಡೆಯುವ ಜನ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ನಾವು ಅದನ್ನು ಅಭಿರುಚಿ ಎನ್ನುತ್ತೇವೆ, ಫ್ಯಾಷನ್ ಎನ್ನುತ್ತೇವೆ, ಹುಚ್ಚು ಎಂದೂ ಅನ್ನುತ್ತೇವೆ. ಅವರು ನಮಗೆ ತಿದ್ದಿ ಹೇಳುವುದಿಲ್ಲ. ವರ್ಷಗಟ್ಟಲೆ ನಮ್ಮ ಕಣ್ಣಿಗೆ ಅಂಜದವರು ಎಂದೋ ಒಂದು ದಿನ, ನಾವು ನೋಡದೇ ಇರುವ ದಿನ, ಅಂಜುತ್ತಾರೆ. ಲೋಕಕ್ಕೆ ಅವರು ಅಂದು ಮಾಡಿದ್ದು ತಪ್ಪಾಗಿ ಕಾಣುವುದೇ ಇಲ್ಲ, ಸರಿ ಮಾಡಿದಂತೆಯೇ ಕಾಣುತ್ತದೆ. ಆದ್ದರಿಂದ ಅವರನ್ನು ಕ್ಷಮಿಸುವವರು ಯಾರೂ ಸಿಗುವುದಿಲ್ಲ. ಕ್ಷಮಿಸಬೇಕಾದ ಒಬ್ಬರಿಗೆ ಕೋಪವೇ ಇರುವುದಿಲ್ಲ.