ನಿಧಾನಪ್ಪನ ಉಸಿರು

ಸಮವಸ್ತ್ರದ ಅಂಗಿಗೆ ಗುಂಡಿ ಹಾಕುತ್ತ ಬಂದವಳ ಕೈ ಗಂಡನ ಹೊಟ್ಟೆಯ ಹತ್ತಿರ ನಿಂತಿತು. ಅಲ್ಲಿಂದ ಕೆಳಗೆ ಅಂಗಿ ಕೂಡಲೊಲ್ಲದು. ಒಂದೇ ವಾರದಲ್ಲಿ ಹೊಟ್ಟೆ ಅಷ್ಟು ಬಾತುಕೊಂಡಿತ್ತು.

“ಬಿಡಿ ಅತ್ತಿಗೆ, ಮೇಲೊಂದು ಶಾಲು ಹೊದಿಸೋಣ,” ಎಂದಳು ನಾದಿನಿ.

ಸಿಟಿ ಬಸ್ಸಿನ ಡ್ರೈವರನಾಗಿದ್ದ ಅವನನ್ನು ಎಲ್ಲರೂ ನಿಧಾನಪ್ಪ ಎನ್ನುತ್ತಿದ್ದರು. ಅವಸರವಿದ್ದವರು ಅವನ ಬಸ್ಸಿಳಿದು ನಡೆದೇ ಹೋಗುತ್ತಿದ್ದರು. ಅಂಥವನು ಈಗ ಹೇಳದೆ ಕೇಳದೆ ಈ ಲೋಕದಿಂದಲೇ ಹೊರಟುಬಿಟ್ಟಿದ್ದ.

ಹೊರಗೆ ಹಾಕಿದ್ದ ಕುರ್ಚಿಗಳಲ್ಲಿ ಗುಸುಗುಸು ನಡೆದಿತ್ತು. ಪಕ್ಕದ ಮನೆಯ ಗಡಿಯಾರ ರಿಪೇರಿಯವನ ದನಿ ಒಳಗೂ ಕೇಳುತ್ತಿತ್ತು.

“ಅದೇನೋ ಮೇದೋಜೀರಕ ಗ್ರಂಥಿ ಬಾವು ಅಂತೆ. ಕುಡಿಯೋರಿಗೇ ಬರೋದು ಅದು. ಗುಟ್ಟಾಗಿ ಹಾಕ್ತಿದ್ದ ಅನ್ಸುತ್ತೆ. ಬೆಂಕಿ ಇಲ್ದೆ ಹೊಗೆ ಆಡುತ್ತಾ?”

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುವ ಜನ. ನಿಧಾನಪ್ಪ ಆ ಮರದ ನೆರಳಿಗೂ ಹೋದವನಲ್ಲ. ಎದ್ದು ಹೋಗಿ ಹಾಗೆಂದು ಹೇಳಬೇಕು ಅನಿಸಿತು ಅವಳಿಗೆ. ಆದರೆ ಯಾವ ಬಾಯಿಂದ ಹೇಳುವುದು?

*

ಆಸ್ಪತ್ರೆಗೆ ಸೇರಿಸಿದ ದಿನ ನೋಡಲು ಬಂದ ಡಾಕ್ಟರು, ನರ್ಸುಗಳೆಲ್ಲ ಮೊದಲು ಕೇಳಿದ್ದು ಒಂದೇ: “ಕುಡೀತಾರಾ?” ಕೇಳಿ ಕೇಳಿ ಅವಳ ತಲೆಗೂ ಅನುಮಾನದ ಹುಳು ಹೊಕ್ಕಿತು. ನೋವಿನಿಂದ ಮುದುರಿ ಮಲಗಿದ್ದವನ ಮೇಲೆ ಬಗ್ಗಿದಳು.

“ನಿಜ ಹೇಳಿ, ನಂಗೆ ಗೊತ್ತಿಲ್ದೆ ಕುಡೀತಿದ್ರಾ?”

ಅವನು ಅವಳ ಕೈಯನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡು ಉದ್ದಕ್ಕೆ ಉಸಿರು ಬಿಟ್ಟ. ನೋವು ತಡೆಯಲಾರದೆ ಏದುತ್ತಿದ್ದಾನೆ ಎಂದುಕೊಂಡಳು.

ಸ್ಕ್ಯಾನ್ ನೋಡಿದ ಮೇಲೆ ದೊಡ್ಡ ಡಾಕ್ಟರು ಹೇಳಿದರು: “ಕುಡಿತ ಅಲ್ಲಮ್ಮ. ಪಿತ್ತಕೋಶದ ಕಲ್ಲು ಜಾರಿ ನಾಳಕ್ಕೆ ಅಡ್ಡ ಬಿದ್ದಿದೆ, ಅದಕ್ಕೇ ಮೇದೋಜೀರಕ ಗ್ರಂಥಿಗೆ ಬಾವು. ನಾನು ಕೆಲಸಕ್ಕೆ ಸೇರಿದಾಗ ಈ ಕಾಯಿಲೆ ಇಷ್ಟು ಇರಲಿಲ್ಲ. ಈಗ ವಾರ್ಡಿನಲ್ಲಿ ಒಬ್ಬರಾದ್ರೂ ಇದ್ದೇ ಇರ್ತಾರೆ. ಇಲ್ಲಿ ಮಾತ್ರ ಅಲ್ಲ, ಎಷ್ಟೋ ದೇಶಗಳಲ್ಲಿ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಿದೆ. ಜನ ಮಾತ್ರ ಇನ್ನೂ ಬಾಟ್ಲಿನೇ ಹುಡುಕ್ತಾರೆ.”

ತಪ್ಪಾಯಿತು ಎನ್ನಲು ಓಡಿ ಬಂದಳು. ಅಷ್ಟರಲ್ಲಿ ಅವನಿಗೆ ಎಚ್ಚರ ತಪ್ಪಿತ್ತು. ಮತ್ತೆ ಕಣ್ಣು ಬಿಡಲಿಲ್ಲ. ತನ್ನ ಮೇಲೆ ಮುನಿಸಿಕೊಂಡೇ ಹೋದನೇನೋ ಎಂಬ ಸಂಕಟ ಅವಳನ್ನು ಅಂದಿನಿಂದ ಕಿತ್ತು ತಿನ್ನುತ್ತಿತ್ತು.

*

“ಏನ್ರೀ ಮಾತಾಡ್ತಿದೀರಾ?” ಹೊರಗೊಂದು ಹೊಸ ದನಿ ಕೇಳಿತು. ಡಿಪೋದಲ್ಲಿ ಬಸ್ಸಿನ ಕೀಲಿ ಕೊಡುವವನು ಬಂದಿದ್ದ. “ದಿನಾ ಬೆಳಿಗ್ಗೆ ಮೆಷಿನ್ ಊದಿ, ಕುಡಿದಿಲ್ಲ ಅಂತ ತೋರಿಸಿದ ಮೇಲೇನೇ ನಾವು ಕೀಲಿ ಕೊಡೋದು. ಬೇರೆಯವರು ಗೊಣಗ್ತಾರೆ. ಇವನು ಮೆಷಿನ್ ಕೆಟ್ಟಿದ್ರೂ ಬಿಡ್ತಿರಲಿಲ್ಲ. ನನ್ನ ಕೈ ಎಳ್ಕೊಂಡು ಬಾಯಿ ಹತ್ರ ಹಿಡಿದು, ಉದ್ದಕ್ಕೆ ಊದೋನು. ‘ಮೂಸಿ ನೋಡಯ್ಯ, ಆಮೇಲೆ ಕೊಡು’ ಅನ್ನೋನು.”

ಗಡಿಯಾರದವನು ಕೆಮ್ಮಿ ಕುರ್ಚಿಯಿಂದ ಎದ್ದ.

ಒಳಗೆ ಅವಳ ಕೈಯಿಂದ ಶಾಲು ಜಾರಿತು. ಇಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಅಳು ಒತ್ತರಿಸಿ ಬಂತು.

“ಏನಾಯ್ತು ಅತ್ತಿಗೆ?” ಎಂದಳು ನಾದಿನಿ.

ಅವಳು ಅಂದು ಅವನು ಉಸಿರು ಊದಿದ್ದ ಬಲಗೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಆಸ್ಪತ್ರೆಯ ಸೋಪಿನ ವಾಸನೆ ಬಂತು, ಅಷ್ಟೇ.